‘ಸಿ ಜೋರೆ’ ಏಕೆ ತಪ್ಪು? ‘ಪಾ ದೆ’ ಏಕೆ ‘ಪಾ ದ’ ಆಗುತ್ತದೆ?

ನೀವು ಬರೆದ ಫ್ರೆಂಚ್ ವಾಕ್ಯ ‘ಸಿ ಜೋರೆ ದ ಲಾರ್ಜಾಂ, ಜ ನೋರೆ ಪಾ ದೆ ಪ್ರೊಬ್ಲೆಮ್’. ಹಣವಿದ್ದರೆ ನನಗೆ ಸಮಸ್ಯೆಗಳು ಇರುತ್ತಿರಲಿಲ್ಲ ಎನ್ನುವುದು ನಿಮ್ಮ ಉದ್ದೇಶ. ಶಿಕ್ಷಕರು ಎರಡು ಕಡೆ ಕೆಂಪು ಗೆರೆ ಎಳೆದರು, ಕಾರಣ ಹೇಳಲಿಲ್ಲ ಎಂದಿದ್ದೀರಿ. ಸರಿಯಾದ ವಾಕ್ಯ ಹೀಗಿರಬೇಕು: ‘ಸಿ ಜವೆ ದ ಲಾರ್ಜಾಂ, ಜ ನೋರೆ ಪಾ ದ ಪ್ರೊಬ್ಲೆಮ್’. (ಕನ್ನಡ ಲಿಪಿಯಲ್ಲಿ ಉಚ್ಚಾರಣೆ ಸುಮಾರಾಗಿ ಮಾತ್ರ ಸಿಗುತ್ತದೆ, ಸಹಿಸಿಕೊಳ್ಳಿ.)

ಮೊದಲ ಗೆರೆಯ ವಿಚಾರದಲ್ಲಿ ಕನ್ನಡವೇ ನಿಮ್ಮ ಸಹಾಯಕ್ಕಿದೆ. ‘ಹಣವಿದ್ದರೆ’ ಎನ್ನುವಾಗ ನಿಮ್ಮ ಕೈಯಲ್ಲಿ ಈಗ ಹಣವಿಲ್ಲ. ಆದರೂ ‘ಇದ್ದು’ ಎಂಬ ಭೂತಕಾಲದ ರೂಪಕ್ಕೇ ‘ಅರೆ’ ಸೇರಿಸುತ್ತೇವೆ. ‘ಇರುವರೆ’ ಎಂದು ಯಾರೂ ಹೇಳುವುದಿಲ್ಲ. ಫ್ರೆಂಚರೂ ಬರಿಯ ಊಹೆಯನ್ನು ಹೇಳುವಾಗ ‘ಸಿ’ (ನಮ್ಮ ‘ಅರೆ’ಯ ಅರ್ಥದ ಪದ) ನಂತರ ಭೂತಕಾಲದ ಆಂಪಾರ್ಫೆ ರೂಪವನ್ನೇ ಇಡುತ್ತಾರೆ: ‘ಜವೆ’. ಫಲಿತಾಂಶ ಹೇಳುವ ಭಾಗಕ್ಕೆ ಕೊಂದಿಸ್ಯೊನೆಲ್ ಎಂಬ ಕ್ರಿಯಾರೂಪ ಬರುತ್ತದೆ: ‘ಜೋರೆ’ (ನಿಷೇಧದಲ್ಲಿ ‘ಜ ನೋರೆ’). ಈ ರೂಪವನ್ನು ಬಿಡಿಸಿ ನೋಡಿ. ಭವಿಷ್ಯತ್ಕಾಲದ ಧಾತುವಿಗೆ ಆಂಪಾರ್ಫೆಯ ಬಾಲ ಅಂಟಿಸಿದ್ದಾರೆ, ಅಷ್ಟೇ. ಅಂದರೆ ಭೂತಕಾಲದ ಬಾಲ ಎರಡೂ ಭಾಗಗಳಲ್ಲಿದೆ. ಭವಿಷ್ಯದ ತುಂಡು ಇರುವುದು ಫಲಿತಾಂಶದ ಭಾಗದಲ್ಲಿ ಮಾತ್ರ. ಆ ತುಂಡಿಗೆ ‘ಸಿ’ ಪಕ್ಕದಲ್ಲಿ ಜಾಗವಿಲ್ಲ.

ಇಷ್ಟು ಹಿಡಿದುಕೊಂಡರೆ ಉಳಿದ ನಿಯಮಗಳು ತಾವಾಗಿಯೇ ಬರುತ್ತವೆ. ನಿಜವಾಗಿ ಆಗಬಹುದಾದ ಸಂಗತಿಗೆ ವರ್ತಮಾನ ಸಾಕು: ‘ಸಿಲ್ ಪ್ಲ ದಮೆಂ’, ನಾಳೆ ಮಳೆ ಬಂದರೆ. ‘ನಾಳೆ’ ಎಂಬ ಪದ ಕಂಡೊಡನೆ ಭವಿಷ್ಯತ್ಕಾಲ ಹಾಕುವ ಚಪಲ ಬೇಡ. ಕಳೆದುಹೋದ ಅವಕಾಶಕ್ಕೆ ಪ್ಲ್ಯು-ಕ-ಪಾರ್ಫೆ, ಅಂದರೆ ಭೂತಕ್ಕೂ ಹಿಂದಿನ ಭೂತಕಾಲ: ‘ಸಿ ಜವೆ ಸ್ಯು’, ತಿಳಿದಿದ್ದರೆ. ಇಲ್ಲಿಯೂ ಕನ್ನಡ ಜೊತೆಗೇ ನಡೆಯುತ್ತದೆ. ಒಂದೇ ತೊಡಕು ಎಂದರೆ, ನಮ್ಮ ‘ಬಂದರೆ’ ಸಾಧ್ಯತೆಗೂ ಕಲ್ಪನೆಗೂ ಒಂದೇ. ಫ್ರೆಂಚ್ ಬರೆಯುವಾಗ ಎರಡರಲ್ಲಿ ಯಾವುದು ಎಂದು ಮೊದಲು ತೀರ್ಮಾನಿಸಬೇಕು.

‘ಸಿ ಜೋರೆ’ ಎನ್ನುವುದು ಫ್ರೆಂಚ್ ಮಕ್ಕಳೂ ಮಾಡುವ ತಪ್ಪು. ಅದಕ್ಕಾಗಿಯೇ ಅವರ ಶಾಲೆಗಳಲ್ಲಿ ‘ಲೆ ಸಿ ನೆಮ್ ಪಾ ಲೆ ರೆ’ ಎಂದು ಬಾಯಿಪಾಠ ಮಾಡಿಸುತ್ತಾರೆ. ‘ಸಿ’ಗಳಿಗೆ ‘ರೆ’ ಎಂದು ಕೊನೆಯಾಗುವ ರೂಪಗಳು ಇಷ್ಟವಿಲ್ಲ ಎಂದರ್ಥ. ಹಾಗಾದರೆ ‘ಜ ನ ಸೆ ಪಾ ಸಿಲ್ ವಿಯೆಂದ್ರಾ’ದಲ್ಲಿ ಭವಿಷ್ಯತ್ಕಾಲ ಹೇಗೆ ಬಂತು ಎಂದು ಕೇಳುತ್ತೀರಿ. ಅದು ಷರತ್ತಲ್ಲ, ‘ಅವನು ಬರುತ್ತಾನೋ ಇಲ್ಲವೋ ಗೊತ್ತಿಲ್ಲ’ ಎಂಬ ಸಂದೇಹ. ಅಲ್ಲಿ ಈ ನಿಯಮ ಅನ್ವಯಿಸುವುದಿಲ್ಲ.

‘ಸಿ’ ನಂತರ ಸಬ್ಜಂಕ್ಟಿವ್ (ಸಂದೇಹ, ಬಯಕೆ ಮುಂತಾದವಕ್ಕೆ ಬಳಸುವ ಕ್ರಿಯಾರೂಪ) ಬರಬೇಕೇನೋ ಎಂದು ನೀವು ಅನಗತ್ಯವಾಗಿ ಹೆದರಿದ್ದೀರಿ. ಇಂದಿನ ಬಳಕೆಯಲ್ಲಿ ‘ಸಿ’ ಅದನ್ನು ಕೇಳುವುದಿಲ್ಲ. ‘ಆ ಕೊಂದಿಸ್ಯೋಂ ಕ’ (ಎಂಬ ಷರತ್ತಿನ ಮೇಲೆ), ‘ಪುರ್ವ್ಯು ಕ’ (ಆದರೆ ಸಾಕು), ‘ಆ ಮ್ವೆಂ ಕ’ (ಆಗದ ಹೊರತು) ಇವು ಕೇಳುತ್ತವೆ. ‘ಓ ಕಾ ಊ’ಗೆ (ಒಂದು ವೇಳೆ ಆದರೆ) ಮಾತ್ರ ಕೊಂದಿಸ್ಯೊನೆಲ್. ಒಂದು ಸೂಕ್ಷ್ಮವಿದೆ: ಎರಡು ಷರತ್ತುಗಳನ್ನು ಜೋಡಿಸುವಾಗ ಎರಡನೆಯ ‘ಸಿ’ಯ ಬದಲು ‘ಕ’ ಬಳಸಿದರೆ, ಶಿಷ್ಟ ಬರವಣಿಗೆಯಲ್ಲಿ ಅದರ ನಂತರ ಸಬ್ಜಂಕ್ಟಿವ್ ಬರುತ್ತದೆ: ‘ಸಿಲ್ ವಿಯೆಂ ಎ ಕಿಲ್ ಸ್ವಾ ಫತಿಗೆ’, ಅವನು ಬಂದರೆ ಮತ್ತು ದಣಿದಿದ್ದರೆ. ನನಗೆ ಈ ನಿಯಮ ಬಹಳ ಪ್ರಿಯ. ಡೆಲ್ಫ್ ಬಿ1 ಎಂಬ ಫ್ರೆಂಚ್ ಭಾಷಾ ಪರೀಕ್ಷೆಗೆ ಅದು ಬೇಕಾಗದಿದ್ದರೂ ಹೇಳದೆ ಇರಲಾಗಲಿಲ್ಲ.

ಎರಡನೆಯ ಗೆರೆ ಆರ್ಟಿಕಲ್‌ನದು, ಅಂದರೆ ಇಂಗ್ಲಿಷಿನ ‘ಎ’, ‘ದಿ’ಗಳಂತೆ ನಾಮಪದದ ಮುಂದೆ ಬರುವ ಪುಟ್ಟ ಪದದ್ದು. ನಮ್ಮ ಭಾಷೆಯಲ್ಲಿ ಆರ್ಟಿಕಲ್ ಇಲ್ಲದ ಕಾರಣ ಇಲ್ಲಿ ಕನ್ನಡ ಕೈಕೊಡುತ್ತದೆ. ‘ಅನ್’, ‘ಉನ್’, ‘ದ್ಯು’, ‘ದ ಲಾ’, ‘ದೆ’ ಇವೆಲ್ಲ ನಿಷೇಧದ ‘ಪಾ’ ನಂತರ ‘ದ’ ಆಗುತ್ತವೆ. ‘ಬೊಕು ದ’ ಎಂದರೆ ಬಹಳಷ್ಟು, ‘ಪ ದ’ ಎಂದರೆ ಕಡಿಮೆ. ‘ಪಾ ದ’ವನ್ನು ಸೊನ್ನೆ ಪ್ರಮಾಣ ಎಂದು ಭಾವಿಸಿದರೆ ನೆನಪಿಡುವುದು ಸುಲಭ. ನಿಮ್ಮ ವಾಕ್ಯದ ‘ದ ಲಾರ್ಜಾಂ’ ಬದಲಾಗದಿರಲು ಕಾರಣ ಆ ಭಾಗದಲ್ಲಿ ನಿಷೇಧವೇ ಇಲ್ಲದಿರುವುದು. ಷರತ್ತಿಗೂ ಆರ್ಟಿಕಲ್‌ಗೂ ನೇರ ಸಂಬಂಧವಿಲ್ಲ.

‘ಲ’, ‘ಲಾ’, ‘ಲೆ’ (ಇಂಗ್ಲಿಷಿನ ‘ದಿ’ಯಂಥವು) ಮಾತ್ರ ಕದಲುವುದಿಲ್ಲ: ‘ಜ ನೆಮ್ ಪಾ ಲ ಕಫೆ’, ನನಗೆ ಕಾಫಿ ಇಷ್ಟವಿಲ್ಲ. ಆದರೆ ‘ಜ ನ ಬ್ವಾ ಪಾ ದ ಕಫೆ’, ನಾನು ಕಾಫಿ ಕುಡಿಯುವುದಿಲ್ಲ. ‘ಎತ್ರ್’ (ಆಗಿರು) ಕ್ರಿಯಾಪದದ ಜೊತೆಗೂ ಬದಲಾವಣೆ ಇಲ್ಲ: ‘ಸ ನೆ ಪಾ ದ್ಯು ಕಫೆ’, ಇದು ಕಾಫಿಯಲ್ಲ. ನಮ್ಮ ‘ಇಲ್ಲ’ಕ್ಕೂ ‘ಅಲ್ಲ’ಕ್ಕೂ ಇರುವ ಅಂತರವನ್ನು ನೆನೆದರೆ ಇದು ಹೊಳೆಯುತ್ತದೆ: ವಸ್ತು ಇಲ್ಲವೆಂದರೆ ‘ದ’, ಅದು ಇದಲ್ಲ ಎಂದರೆ ಆರ್ಟಿಕಲ್ ಹಾಗೆಯೇ ಉಳಿಯುತ್ತದೆ. ಚಹಾ ಅಲ್ಲ, ಕಾಫಿ ಬೇಕು ಎಂದು ಎರಡನ್ನು ಎದುರುಬದುರು ನಿಲ್ಲಿಸುವಾಗಲೂ ‘ದ್ಯು ತೆ’ ಎಂದೇ ಉಳಿಸುವುದುಂಟು.