ಯುಗಾದಿಗೆ ಮುಂಚೆ ಸಸಿ ಮಡಿ: ನೀರಿನ ಕೈ ಹಿಡಿತದಲ್ಲಿರಲಿ

ಪ್ರಶ್ನೆ: ಜನವರಿ ಕೊನೆಗೆ ಟ್ರೇನಲ್ಲಿ ಟೊಮೆಟೊ, ಮೆಣಸಿನಕಾಯಿ ಬೀಜ ಹಾಕಿದೆವು. ಚೆನ್ನಾಗಿ ಹುಟ್ಟಿತು. ಈಗ ಸಸಿಗಳು ಬುಡ ಸಣ್ಣಗಾಗಿ ಮಲಗುತ್ತಿವೆ. ಅರಿಶಿನ ಉದುರಿಸಿದರೂ ನಿಂತಿಲ್ಲ. ಯಾವ ಔಷಧಿ ಹೊಡೆಯಬೇಕು?

ಪ್ರತಿ ಫೆಬ್ರುವರಿಯಲ್ಲೂ ಬರುವ ಪ್ರಶ್ನೆ ಇದು. ಔಷಧಿ ಕೇಳುತ್ತೀರಿ, ನೀರು ಎಷ್ಟು ಹಾಕುತ್ತೀರಿ ಅಂತ ಮಾತ್ರ ಯಾರೂ ಬರೆಯುವುದಿಲ್ಲ. ವಿಚಾರಿಸಿದರೆ ಬೆಳಿಗ್ಗೆ, ಸಂಜೆ ಎರಡು ಹೊತ್ತು ಅನ್ನುತ್ತೀರಿ. ಸಸಿ ಸಾಯುತ್ತಿರುವುದೇ ಅದಕ್ಕೆ.

ಇದು ಸಸಿ ಕೊಳೆ. ಮಣ್ಣಿನಲ್ಲಿರುವ ಪಿಥಿಯಂ, ರೈಜಾಕ್ಟೋನಿಯಾ ಥರದ ಶಿಲೀಂಧ್ರ, ಶಿಲೀಂಧ್ರದಂಥ ಜೀವಿಗಳ ಕೆಲಸ. ಪಿಥಿಯಂ ಕಣಗಳು ಮಣ್ಣಿನ ನೀರಿನಲ್ಲಿ ಈಜಿಕೊಂಡೇ ಪಕ್ಕದ ಸಸಿಗೆ ಹೋಗುತ್ತವೆ. ಸಂಜೆ ನೀರು ಹಾಕಿದರೆ ಬುಡ ರಾತ್ರಿಯಿಡೀ ಒದ್ದೆ. ಅವಕ್ಕೆ ಇನ್ನೇನು ಬೇಕು?

ಬಿದ್ದ ಸಸಿ ಏಳುವುದಿಲ್ಲ. ಸುತ್ತಲಿನ ಮಣ್ಣಿನ ಸಮೇತ ಕಿತ್ತು ಬಿಸಾಡಿ, ಗೊಬ್ಬರದ ಗುಂಡಿಗೆ ಬೇಡ. ಉಳಿದವು ಒತ್ತೊತ್ತಾಗಿದ್ದರೆ ಅರ್ಧ ಕಿತ್ತುಹಾಕಿ. ಮನಸ್ಸು ಬರುವುದಿಲ್ಲ, ಗೊತ್ತು. ಆದರೆ ಮನೆಗೆ ಆರು ಟೊಮೆಟೊ ಗಿಡ ಸಾಕು, ಅರವತ್ತು ಸಸಿ ಯಾಕೆ? ಟ್ರೇಯನ್ನು ಗಾಳಿ, ಬೆಳಗಿನ ಬಿಸಿಲು ಸಿಗುವ ಕಡೆ ಇಡಿ. ನೀರು ಬೆಳಿಗ್ಗೆ ಮಾತ್ರ, ಅದೂ ಬೇಕಿದ್ದರೆ. ಟ್ರೇಗೆ ತುಂಬುವ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಮೇಲೆ ಒಣಗಿದಂತೆ ಕಂಡರೂ ಒಳಗೆ ಒದ್ದೆ ಇರುತ್ತದೆ. ಟ್ರೇ ಎತ್ತಿ ನೋಡಿ, ಭಾರವಿದ್ದರೆ ನೀರು ಬೇಡ.

ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ ಟ್ರೈಕೋಡರ್ಮಾ ಒಳ್ಳೆಯದೇ. ಆದರೆ ಅದು ಕಾವಲುಗಾರ, ಬಿತ್ತುವ ಮೊದಲೇ ಮಣ್ಣಿನಲ್ಲಿರಬೇಕು. ಲೀಟರಿಗೆ 3 ಗ್ರಾಂ ಕಾಪರ್ ಆಕ್ಸಿಕ್ಲೋರೈಡ್ (ತಾಮ್ರದ ಶಿಲೀಂಧ್ರನಾಶಕ) ಕಲಸಿ ಬುಡಕ್ಕೆ ಸುರಿಯುವ ಪದ್ಧತಿ ರೈತರಲ್ಲಿದೆ. ಮಕ್ಕಳು ಓಡಾಡುವ ತಾರಸಿಗೆ ನಾನು ಅದನ್ನು ಹೇಳುವುದಿಲ್ಲ. ಮತ್ತೆ ಬಿತ್ತಿ, ಟೊಮೆಟೊಗೆ ಕಾಲ ಮೀರಿಲ್ಲ. ಈ ಸಲ ಟ್ರೇ ತೊಳೆದು ಒಣಗಿಸಿ, ಬೀಜವನ್ನು ಅರ್ಧ ಸೆಂಟಿಮೀಟರ್ ಆಳಕ್ಕೆ ಮಾತ್ರ ಹಾಕಿ. ಮೇಲೆ ನೈಲಾನ್ ಬಲೆ ಕಟ್ಟಿ. ಬಿಸಿಲು ಏರಿದಂತೆ ಬಿಳಿನೊಣ ಬರುತ್ತದೆ, ಎಲೆ ಮುಟುರು ವೈರಸ್ ತರುತ್ತದೆ. ಅದಕ್ಕೆ ಔಷಧಿಯೇ ಇಲ್ಲ. ಟೊಮೆಟೊ 25 ದಿನಕ್ಕೆ, ಮೆಣಸಿನಕಾಯಿ 40 ದಿನಕ್ಕೆ ನಾಟಿಗೆ ಬರುತ್ತದೆ.

ಪ್ರಶ್ನೆ: ಮನೆ ಬಾಗಿಲಿಗೆ ಬಂದವರೊಬ್ಬರು "ಒಂದೇ ವಾರದಲ್ಲಿ ಹೂ" ಅಂತ ಒಂದು ಬಾಟಲಿ ಕೊಟ್ಟರು. ಹಾಕಬಹುದಾ?

ಬೇಡ. ಒಳಗೆ ಏನಿದೆ ಅಂತ ಲೇಬಲ್ಲಿನಲ್ಲಿ ಬರೆಯದ ಯಾವುದನ್ನೂ ತಿನ್ನುವ ಗಿಡಕ್ಕೆ ಹಾಕಬೇಡಿ. ನಾಳೆ ಆ ಸೊಪ್ಪು ನಿಮ್ಮ ಮಗುವಿನ ತಟ್ಟೆಗೆ ಬರುತ್ತದೆ ಅಲ್ವಾ?

ಪ್ರಶ್ನೆ: ಟೊಮೆಟೊ ಕಾಯಿಯ ತಳ ಕಪ್ಪಾಗುತ್ತಿದೆ. ಮೊಟ್ಟೆ ಸಿಪ್ಪೆ ಹಾಕಲಾ?

ಸಿಪ್ಪೆ ಕರಗಲು ತಿಂಗಳುಗಟ್ಟಲೆ ಬೇಕು. ನೀರು ಏರುಪೇರಾದರೆ ಕಾಯಿಗೆ ಕ್ಯಾಲ್ಸಿಯಂ ತಲುಪುವುದಿಲ್ಲ, ತಳ ಕಪ್ಪಾಗುವುದು ಅದಕ್ಕೇ. ಒಂದು ದಿನ ಒಣಗಿಸಿ ಮರುದಿನ ಮುಳುಗಿಸಬೇಡಿ, ನೀರು ಒಂದೇ ಸಮ ಇರಲಿ.

ಪ್ರಶ್ನೆ: ಕೊತ್ತಂಬರಿ ಸೊಪ್ಪು ಬರುವ ಮೊದಲೇ ಹೂ ಬಿಡುತ್ತಿದೆ. ಏನು ಮಾಡಲಿ?

ಬಿಸಿಲಿಗೆ ಹಾಗೇ ಆಗುತ್ತದೆ. ಇವತ್ತೇ ಕಿತ್ತು ಸಾರಿಗೆ ಹಾಕಿ. ಆ ಜಾಗಕ್ಕೆ ದಂಟು ಬಿತ್ತಿ, ಬೇಸಿಗೆ ತಡೆಯುತ್ತದೆ. ಎರಡು ಗಿಡ ಮಾತ್ರ ಬೀಜಕ್ಕೆ ಬಿಡಿ, ಜೇನುಹುಳು ಬರಲಿ.