ನವೆಂಬರ್‌ನಲ್ಲಿ ಕಕ್ಕಬ್ಬೆ: ಕ್ಯಾಮೆರಾ ಎಲ್ಲಿಗೆ ತಿರುಗಿಸ್ಬೇಕು?

ಪ್ರಶ್ನೆ: ನಮಸ್ತೆ ಸರ್, ನವೆಂಬರ್ ಮೂರನೇ ವಾರ ಮನೆಯವ್ರ ಜೊತೆ ಕೊಡಗಿನ ಕಕ್ಕಬ್ಬೆಲಿ ಹೋಮ್‌ಸ್ಟೇ ಬುಕ್ ಮಾಡಿದೀನಿ, ನಾಲ್ಕುನಾಡು ಅರಮನೆ, ತಡಿಯಂಡಮೋಳ್ ಬೆಟ್ಟ ನೋಡ್ಕೊಂಡು ವಾಪಸ್ ಬರ್ತಾ ನಾಗರಹೊಳೆ ಸಫಾರಿ. ಹೋದ್ವರ್ಷನೂ ಬಂದಿದ್ದೆ, ಕಾಶ್ಮೀರದ ಫೋಟೋಗಳಲ್ಲಿರೋ ತರ ಕೆಂಪು ಹಳದಿ ಎಲೆ ಎಲ್ಲೂ ಸಿಗ್ಲಿಲ್ಲ, ಮಂಜಿನ ಫೋಟೋ ಎಲ್ಲ ಬೂದಿ ಬಣ್ಣ, ಸಫಾರಿದು ಎಲ್ಲ ಬ್ಲರ್. 18-55 (ಮಾಮೂಲಿ ನೋಟದ್ದು) ಮತ್ತೆ 70-300 (ದೂರದ್ದನ್ನ ಹತ್ರ ತೋರ್ಸೋದು) ಲೆನ್ಸ್ ಇದೆ. ದೊಡ್ಡ ಲೆನ್ಸ್ ತಗೊಳ್ಲೇಬೇಕಾ?
(ಒಬ್ಬ ಓದುಗರು, ಮಂಡ್ಯ)

ಉತ್ತರ: ಲೆನ್ಸ್ ತಗೋಬೇಡಿ ಸರ್, ಇರೋದೇ ಸಾಕು. ಆ ದುಡ್ಡಲ್ಲಿ ಕಕ್ಕಬ್ಬೆಲಿ ಇನ್ನೆರಡು ದಿನ ಜಾಸ್ತಿ ಉಳ್ಕೊಳ್ಳಿ, ಫೋಟೋ ತಾನಾಗೇ ಚೆನ್ನಾಗಾಗುತ್ತೆ.

ಮೊದ್ಲು ಬಣ್ಣದ ವಿಷಯ. ಕಕ್ಕಬ್ಬೆ ಸುತ್ತ ಇರೋದು ನಿತ್ಯಹರಿದ್ವರ್ಣ ಕಾಡು, ಮರಗಳೆಲ್ಲ ಒಟ್ಟಿಗೆ ಎಲೆ ಉದುರಿಸೋ ಜಾತಿದಲ್ಲ, ಎಲೆ ಉದುರೋದು ನೋಡ್ಬೇಕು ಅಂದ್ರೆ ನಾಗರಹೊಳೆ ಕಡೆ ತೇಗ, ಮತ್ತಿ ಇರೋ ಕಾಡಿಗೆ ಹೋಗ್ಬೇಕು, ಅದೂ ಡಿಸೆಂಬರ್ ಕಳೀಬೇಕು. ಹಂಗಾಗಿ ನೀವು ಹೋದ್ವರ್ಷ ತಲೆ ಎತ್ತಿ ಮರ ನೋಡ್ತಾ ಇದ್ರಿ, ಬಣ್ಣ ಕಾಲಡಿ ಗದ್ದೆಲಿತ್ತು. ಮಳೆಗಾಲದಲ್ಲಿ ನಾಟಿ ಮಾಡಿದ ಭತ್ತ ನವೆಂಬರ್‌ಗೆ ಹೊನ್ನಿನ ಬಣ್ಣಕ್ಕೆ ತಿರುಗುತ್ತೆ, ಗದ್ದೆ ಮೇಲಿನ ಇಳಿಜಾರಲ್ಲಿ ಕಾಫಿ ತೋಟ, ಅಲ್ಲಿ ಅರೇಬಿಕಾ ಹಣ್ಣು ಕೆಂಪಾಗ್ತಾ ಇರುತ್ತೆ, ಅದ್ರ ಮೇಲೆ ಕಾಡು, ಇನ್ನೂ ಮೇಲೆ 1748 ಮೀಟರ್ ಎತ್ತರದ ತಡಿಯಂಡಮೋಳ್‌ನ ಹುಲ್ಲುಗಾವಲು. ಈ ನಾಲ್ಕೂ ಒಂದೇ ಫ್ರೇಮಲ್ಲಿ ಬರ್ಬೇಕು ಅಂದ್ರೆ ಬೆಟ್ಟ ಹತ್ತೋದ್ಕಿಂತ ಗದ್ದೆ ಬದುವಲ್ಲಿ ಕೂತ್ಕೊಂಡು ಮೇಲೆ ನೋಡೋದು ಒಳ್ಳೇದು. ಕೂತ್ಕೊಳ್ಳೋದು ಅಂತ ಬೇಕಂತ್ಲೇ ಬರ್ದೆ, ಕ್ಯಾಮೆರಾ ತೆನೆ ಎತ್ತರಕ್ಕೆ ಇಳೀಬೇಕು. ಬೆಳಿಗ್ಗೆ ಆರೂವರೆಗೆ ಬಗ್ಗಿದ ತೆನೆ ಒಂದೊಂದ್ರ ತುದಿಲೂ ಒಂದು ಹನಿ ನೇತಾಡ್ತಿರುತ್ತೆ, ಎರಡು ತೆನೆ ಮಧ್ಯ ಜೇಡ ಕಟ್ಟಿದ ಬಲೆ ಇಬ್ಬನಿ ಹಿಡಿದು ಬೆಳ್ಳಗೆ ಎದ್ದು ಕಾಣುತ್ತೆ, ಸೂರ್ಯ ಅದ್ರ ಹಿಂದೆ ಇರೋ ಹಂಗೆ ಕೂತ್ರೆ ನಿಮ್ಮ 18-55 ಲೆನ್ಸಲ್ಲೇ ಎಂಥಾ ಫೋಟೋ ಬರುತ್ತೆ ನೋಡಿ.

ಮಂಜು ಯಾಕೆ ಬೂದಿ ಆಯ್ತು ಅಂದ್ರೆ, ಕ್ಯಾಮೆರಾದೊಳಗೆ ಬೆಳಕು ಅಳೆಯೋ ಮೀಟರ್‌ಗೆ ಬಿಳಿ ಅಂದ್ರೆ ಗೊತ್ತಾಗಲ್ಲ, ಎಲ್ಲಾನೂ ನಡು-ಬೂದಿಗೆ ಎಳ್ಯುತ್ತೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಫೋಟೋ ಬೆಳಕು ಹೆಚ್ಚು ಕಮ್ಮಿ ಮಾಡೋ ಸೆಟ್ಟಿಂಗ್) ಪ್ಲಸ್ 0.7ರಿಂದ ಪ್ಲಸ್ 1ರವರೆಗೆ ಇಟ್ಕೊಳ್ಳಿ, ಆಮೇಲೆ ತಿದ್ದೋಕೆ ಅನುಕೂಲ ಆಗೋ ರಾ ಫೈಲಲ್ಲಿ ತೆಗೀರಿ. ಇನ್ನೊಂದು, ಮಂಜಿನ ಒಳಗೆ ನಿಂತು ತೆಗೆದ್ರೆ ಏನೂ ಕಾಣಲ್ಲ. ಮೋಡ ಇಲ್ಲದ ರಾತ್ರಿ ನೆಲ ಬೇಗ ತಣ್ಣಗಾಗುತ್ತೆ, ಆ ತಂಪು ಗಾಳಿ ಬೆಟ್ಟದಿಂದ ಜಾರಿ ಗದ್ದೆ ಬಯಲಲ್ಲಿ ನಿಲ್ಲುತ್ತೆ, ಅಲ್ಲೇ ಮಂಜು ಕಟ್ಟೋದು. ಅಂದ್ರೆ ತೋಟದ ರಸ್ತೆಲಿ ಸ್ವಲ್ಪ ಮೇಲೆ ಹೋದ್ರೂ ಸಾಕು, ಮಂಜು ಕೆಳಗೆ ಹಾಲಿನ ಕೆರೆ ತರ ಕಾಣುತ್ತೆ. ಹಿಂದಿನ ದಿನ ಸಾಯಂಕಾಲ ಮಳೆ ಬಂದು ರಾತ್ರಿ ನಕ್ಷತ್ರ ಕಂಡ್ರೆ ಅಲಾರಾಂ ಮರೀಬೇಡಿ.

ಒಂದು ಮಾತು ಮಾತ್ರ ದಯವಿಟ್ಟು ಕೇಳಿ. ಭತ್ತ ಹಣ್ಣಾಗೋ ಹೊತ್ತಿಗೆ ಆನೆನೂ ಗದ್ದೆಗೆ ಬರುತ್ತೆ, ತೋಟದೊಳಗೇ ಹಗಲು ಕಳೆಯೋ ಆನೆಗಳೂ ಇವೆ. ಕತ್ತಲಲ್ಲಿ ಒಬ್ರೇ ಹೊರಡ್ಬೇಡಿ, ಹೋಮ್‌ಸ್ಟೇಯವ್ರನ್ನ ಕೇಳಿ, ರಾತ್ರಿ ಆನೆ ಯಾವ ಕಡೆ ಹೋಯ್ತು ಅಂತ ಅವ್ರಿಗೆ ಗೊತ್ತಿರುತ್ತೆ. ಬದು ಮೇಲೆ ಮಾತ್ರ ನಡೀರಿ, ತೆನೆ ತುಳೀಬೇಡಿ. ಕೂಲಿಗೆ ಜನ ಸಿಗದೆ, ಆನೆ ಕಾಟ ತಡೀಲಾರದೆ ಎಷ್ಟೋ ಗದ್ದೆ ಪಾಳು ಬಿದ್ದಿದೆ, ಇನ್ನೂ ಭತ್ತ ಬೆಳೀತಿರೋವ್ರ ಗದ್ದೆಗೆ ಇಳಿಯೋ ಮುಂಚೆ ಒಂದು ಮಾತು ಕೇಳೋದು ಮರ್ಯಾದೆ.

ಅರಮನೆಗೆ ಮಧ್ಯಾಹ್ನ ಹೋಗ್ಬೇಡಿ. 1792ರಲ್ಲಿ ಕೊಡಗಿನ ರಾಜ ದೊಡ್ಡವೀರರಾಜೇಂದ್ರ ಕಟ್ಟಿಸಿದ್ದು, ಬೆಟ್ಟದ ಬುಡದಲ್ಲಿ ಕಾಡಿನ ಮರೆಲಿ, ಶತ್ರು ಬಂದ್ರೆ ಅಡಗಿಕೊಳ್ಳೋಕೆ ಅನುಕೂಲ ಆಗೋ ಜಾಗ. ಆ ಅಡಗಿರೋ ಗುಣ ಫೋಟೋಲಿ ಬರ್ಬೇಕು ಅಂದ್ರೆ ಹತ್ರ ಹೋಗಿ ಗೋಡೆ ತುಂಬ್ಸೋದು ಬೇಡ, ದೂರ ನಿಂತು 70-300ರಲ್ಲಿ ಹೆಂಚಿನ ಮಾಡು ಚಿಕ್ಕದಾಗಿ, ಹಿಂದೆ ಬೆಟ್ಟ ದೊಡ್ಡದಾಗಿ ಕಾಣೋ ಹಂಗೆ ತೆಗೀರಿ. ಒಳಗಿನ ಮರದ ಕೆತ್ತನೆ, ಗೋಡೆ ಚಿತ್ರಕ್ಕೆ ಫ್ಲ್ಯಾಷ್ ಬೇಡ, ಕಿಟಕಿ ಬೆಳಕು ಸಾಕು.

ಇನ್ನು ಸಫಾರಿ. ನವೆಂಬರ್‌ನಲ್ಲಿ ಹುಲ್ಲು, ಪೊದೆ ಎಲ್ಲ ಎತ್ತರ, ಎಲ್ಲಾ ಕಡೆ ನೀರಿದೆ, ಹುಲಿ ಕಾಣೋ ಚಾನ್ಸ್ ಬೇಸಿಗೆಗಿಂತ ಕಮ್ಮಿ. ಹುಲಿನೇ ಬೇಕು ಅಂತ ಡ್ರೈವರನ್ನ ಓಡಿಸ್ಬೇಡಿ. ಮರದ ಮೇಲೆ ಲಂಗೂರ್ ಎಲೆ ಚಿಗುರು ಕಿತ್ತು ಬೀಳಿಸ್ತಾ ಇದ್ರೆ ಕೆಳಗೆ ಜಿಂಕೆ ಬಂದು ತಿಂತಾ ಇರುತ್ತೆ, ಅಲ್ಲಿ ಹತ್ತು ನಿಮಿಷ ನಿಲ್ಸಿ ಅನ್ನಿ, ಹಿಂದಿನಿಂದ ಬಿಸಿಲು ಬಿದ್ರೆ ಜಿಂಕೆ ಕಿವಿ ಅಂಚು ಬಂಗಾರದ ಗೆರೆ ಎಳ್ದಂಗೆ ಹೊಳ್ಯುತ್ತೆ. ನಿಮ್ಮ ಬ್ಲರ್‌ಗೆ ನನ್ನ ಪ್ರಕಾರ ಕಾರಣ ಎರಡು, ಶಟರ್ ಸ್ಪೀಡ್ ಕಮ್ಮಿ ಮತ್ತೆ ಎಂಜಿನ್ ನಡುಕ. 300ಕ್ಕೆ ಝೂಮ್ ಮಾಡಿದಾಗ ಶಟರ್ ಸ್ಪೀಡ್ 1/500 ಸೆಕೆಂಡಿಗಿಂತ ಕೆಳಗೆ ಇಳೀಬೇಡಿ, ಪ್ರಾಣಿ ಓಡ್ತಿದ್ರೆ 1/1000, ಅದಕ್ಕೆ ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 3200 ಆದ್ರೂ ಪರ್ವಾಗಿಲ್ಲ, ನಾಯ್ಸ್, ಅಂದ್ರೆ ಫೋಟೋಲಿ ಕಾಳು ಕಾಳು, ಇದ್ರೆ ಆಮೇಲೆ ಸರಿ ಮಾಡ್ಬೋದು, ನಡುಗಿದ ಫೋಟೋ ಸರಿಯಾಗಲ್ಲ. ಎಂಜಿನ್ ಆಫ್ ಮಾಡ್ಸಿ. ಹಳೇ ಜೀನ್ಸ್ ಪ್ಯಾಂಟ್ ಕಾಲು ಕತ್ತರಿಸಿ ಎರಡು ಕೆಜಿ ರಾಗಿ ತುಂಬಿ ಹೊಲ್ಕೊಂಡು ಬನ್ನಿ, ಜೀಪಿನ ಅಂಚಿನ ಮೇಲಿಟ್ಟು ಅದ್ರ ಮೇಲೆ ಲೆನ್ಸ್ ಕೂರಿಸಿದ್ರೆ ಅಲುಗಾಡಲ್ಲ.

ಕೊನೇದು ತೇವ. ಒಂದು ಮಳೆಗಾಲ ಪೂರ್ತಿ ನನ್ನ ಲೆನ್ಸನ್ನ ಬ್ಯಾಗಲ್ಲೇ ಬಿಟ್ಟು ಬೀರುಲಿ ಇಟ್ಟಿದ್ದೆ, ತೆಗೆದು ನೋಡಿದ್ರೆ ಗಾಜಿನ ಒಳಗೆ ಬಿಳೀ ಎಳೆ ಎಳೆ ಫಂಗಸ್, ತುಂಬಾ ಬೇಜಾರಾಗಿತ್ತು. ವಾಪಸ್ ಊರಿಗೆ ಹೋದ ದಿನಾನೇ ಬ್ಯಾಗಿಂದ ತೆಗೆದು ಗಾಳಿಯಾಡಕ್ಕೆ ಬಿಡಿ, ಆಮೇಲೆ ಗಾಳಿಯಾಡದ ಡಬ್ಬಿಲಿ ತೇವ ಹೀರೋ ಸಿಲಿಕಾ ಜೆಲ್ ಹಾಕಿ ಇಡಿ. ಕಾರಲ್ಲಿ ಎಸಿ ಹಾಕೊಂಡು ಬಂದು ಇಳಿದ ತಕ್ಷಣ ಕ್ಯಾಮೆರಾ ತೆಗೆದ್ರೆ ಗಾಜು ಮಬ್ಬಾಗುತ್ತೆ, ಒರೆಸ್ತಾ ಕೂರ್ಬೇಡಿ, ಬ್ಯಾಗೊಳಗೇ ಒಂದು ಇಪ್ಪತ್ತು ನಿಮಿಷ ಬಿಡಿ, ಅಷ್ಟರಲ್ಲಿ ಹೋಮ್‌ಸ್ಟೇಲಿ ಕಾಫಿನೂ ಬಂದಿರುತ್ತೆ.