12,000 ಸೈಟೇಷನ್ ಇರುವ ಪ್ರೊಫೆಸರೇ ಒಳ್ಳೆಯ ಗೈಡಾ?

ನಿಮ್ಮ ತಂಗಿಗೆ ಮಾಲಿಕ್ಯುಲರ್ ಬಯಾಲಜಿಯಲ್ಲಿ ಪಿಎಚ್‌ಡಿ ಮಾಡಬೇಕು. ಗೂಗಲ್ ಸ್ಕಾಲರ್‌ನಲ್ಲಿ ಒಬ್ಬ ಪ್ರೊಫೆಸರ್‌ಗೆ 12,000 ಸೈಟೇಷನ್ (ಅಂದರೆ ಬೇರೆ ಪೇಪರ್‌ಗಳು ಇವರ ಪೇಪರ್‌ಗಳನ್ನು ಅಷ್ಟು ಸಲ ಉಲ್ಲೇಖಿಸಿವೆ), ಎಚ್-ಇಂಡೆಕ್ಸ್ 41. ಇನ್ನೊಬ್ಬರಿಗೆ 1,800, ಎಚ್-ಇಂಡೆಕ್ಸ್ 19. ಮೊದಲನೆಯವರನ್ನೇ ಆರಿಸಬೇಕಾ ಅಂತ ಕೇಳಿದ್ದೀರಿ.

ಬರೀ ಈ ಅಂಕಿ ನೋಡಿ ಆರಿಸಬೇಡಿ. ನಾನು ಹತ್ತು ವರ್ಷದಿಂದ ಪ್ರೋಟೀನ್ ಲ್ಯಾಬ್‌ನಲ್ಲಿದ್ದೇನೆ. ಸೈಟೇಷನ್ ಹೇಗೆ ಸೇರುತ್ತಾ ಹೋಗುತ್ತದೆ ಅಂತ ಹೇಳುತ್ತೇನೆ.

ಇವತ್ತು ಬೆಳಿಗ್ಗೆ ಪ್ರೋಟೀನ್‌ಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಲು ಎರಡು ಗಾಜಿನ ಪ್ಲೇಟ್ ನಡುವೆ ಜೆಲ್ ಹೊಯ್ದೆ. ಗಟ್ಟಿಯಾದ ಮೇಲೆ, ಗುಂಡಿ ಮೂಡಿಸಲು ಅದರಲ್ಲಿ ಸಿಕ್ಕಿಸಿದ್ದ ಬಾಚಣಿಗೆಯಂಥ ಅಚ್ಚನ್ನು ಎತ್ತಿ, ಉಳಿದ ಗುಂಡಿಗಳಿಗೆ ಸ್ಯಾಂಪಲ್ ಬಿಟ್ಟು ಕರೆಂಟ್ ಕೊಟ್ಟೆ. ನೀಲಿ ಗೆರೆಯೊಂದು ನಿಧಾನಕ್ಕೆ ಕೆಳಗಿಳಿಯಿತು. ಚಿಕ್ಕ ಪ್ರೋಟೀನ್‌ಗಳು ಬೇಗ ಕೆಳಗೆ ಹೋದವು, ದೊಡ್ಡವು ಮೇಲೇ ಉಳಿದವು. ನಾಳೆ ಇದನ್ನು ಬರೆಯುವಾಗ, ಈ ಜೆಲ್ ವಿಧಾನ ಇರುವ ಲೆಮ್ಲಿ ಅನ್ನುವ ವಿಜ್ಞಾನಿಯ 1970ರ ಪೇಪರನ್ನು ಸೈಟ್ ಮಾಡುತ್ತೇನೆ. ಆದರೆ ಅವರು ಅದನ್ನು ಬರೆದದ್ದು ಟಿ4 ಅನ್ನುವ ವೈರಸ್ಸಿನ ತಲೆ ಹೇಗೆ ಕಟ್ಟಿಕೊಳ್ಳುತ್ತದೆ ಅಂತ ತಿಳಿಯಲು. ಜೆಲ್ ಅದಕ್ಕೆ ಬೇಕಾದ ಸಾಧನ ಅಷ್ಟೇ. 2014ರ ಹೊತ್ತಿಗೇ ಅದಕ್ಕೆ 2 ಲಕ್ಷಕ್ಕೂ ಜಾಸ್ತಿ ಸೈಟೇಷನ್ ಇತ್ತು. ಬಹುಪಾಲು ನನ್ನ ಹಾಗೆ ಜೆಲ್ ಓಡಿಸಿದವರದು.

ಅದಕ್ಕೂ ಮೇಲಿರುವುದು ಆಲಿವರ್ ಲೌರಿ ಮತ್ತು ಸಂಗಡಿಗರ 1951ರ ಪೇಪರ್. ಸ್ಯಾಂಪಲ್‌ನಲ್ಲಿ ಪ್ರೋಟೀನ್ ಎಷ್ಟಿದೆ ಅಂತ ನೀಲಿ ಬಣ್ಣದ ಗಾಢತೆಯಿಂದ ಅಳೆಯುವ ವಿಧಾನ ಅದು. 2014ರಲ್ಲಿ ನೇಚರ್ ಪತ್ರಿಕೆ ಅತಿ ಹೆಚ್ಚು ಸೈಟೇಷನ್ ಇರುವ ಪೇಪರ್‌ಗಳ ಪಟ್ಟಿ ಹಾಕಿದಾಗ 3 ಲಕ್ಷ ದಾಟಿ, ಇಡೀ ವಿಜ್ಞಾನಕ್ಕೇ ಮೊದಲನೆಯದಾಗಿತ್ತು. ಅದೇನೂ ಮಹಾ ಪೇಪರ್ ಅಲ್ಲ ಅಂತ ಲೌರಿ ಅವರೇ ಒಪ್ಪಿಕೊಂಡಿದ್ದರು. ಡಿಎನ್‌ಎ ರಚನೆ ತೋರಿಸಿದ ವಾಟ್ಸನ್, ಕ್ರಿಕ್ ಅವರ 1953ರ ಪೇಪರ್ ಆ ಪಟ್ಟಿಯ ಮೊದಲ ನೂರರಲ್ಲೂ ಇರಲಿಲ್ಲ! ಎಲ್ಲರಿಗೂ ಗೊತ್ತಿರುವುದನ್ನು ಯಾರು ಸೈಟ್ ಮಾಡುತ್ತಾರೆ, ಅಲ್ವಾ?

ವಿಧಾನದ ಪೇಪರ್ ಕಡಿಮೆ ಅಂತಲ್ಲ. ಆ ಜೆಲ್ ಇಲ್ಲದೆ ನನ್ನ ಕೆಲಸ ಒಂದು ದಿನವೂ ನಡೆಯದು. ಸೈಟೇಷನ್ ಹೇಳುವುದು ಎಷ್ಟು ಜನ ಬಳಸಿದರು ಅಂತ. ಯಾಕೆ ಬಳಸಿದರು ಅನ್ನುವುದನ್ನು ನಾವೇ ತೆಗೆದು ನೋಡಬೇಕು.

ಕಾಲವೂ ಲೆಕ್ಕಕ್ಕೆ ಬರುತ್ತದೆ. ಒಳ್ಳೆಯ ಕೆಲಸಕ್ಕೂ ಮನ್ನಣೆ ಸಿಗಲು ವರ್ಷಗಳೇ ಹಿಡಿಯಬಹುದು. ಜೀನ್‌ಗಳು ಜಾಗ ಬದಲಿಸುತ್ತವೆ ಅಂತ ಬಾರ್ಬರಾ ಮೆಕ್ಲಿಂಟಾಕ್ ಮೆಕ್ಕೆಜೋಳದಲ್ಲಿ ಕಂಡು 1950ರಲ್ಲಿ ಬರೆದರು. ನೊಬೆಲ್ ಬಂದದ್ದು 1983ರಲ್ಲಿ.

ಇನ್ನು ಎಚ್-ಇಂಡೆಕ್ಸ್. ಹಿರ್ಷ್ ಅನ್ನುವ ಭೌತವಿಜ್ಞಾನಿ 2005ರಲ್ಲಿ ಹೇಳಿದ ಲೆಕ್ಕ ಇದು. 41 ಅಂದರೆ, ಕಡಿಮೆ ಅಂದರೂ 41 ಸೈಟೇಷನ್ ಇರುವ ಪೇಪರ್‌ಗಳು 41 ಇವೆ ಅಂತ. ಅರವತ್ತು ಹೆಸರಿರುವ ಪೇಪರ್‌ನಲ್ಲಿ ಮೂವತ್ತನೆಯವರಾದರೂ ಅದು ಪೂರ್ತಿ ಲೆಕ್ಕಕ್ಕೆ ಸಿಗುತ್ತದೆ. ನಮ್ಮ ಕ್ಷೇತ್ರದಲ್ಲಿ ಸಾಮಾನ್ಯವಾಗಿ ಮೊದಲ ಹೆಸರು ಪ್ರಯೋಗ ಮಾಡಿದವರದು, ಕೊನೆಯದು ಲ್ಯಾಬ್ ಮುಖ್ಯಸ್ಥರದು. ಗೈಡ್ ಹುಡುಕುವಾಗ ಮುಖ್ಯವಾಗಿ ನೋಡಬೇಕಾದ್ದು ಇದೇ.

ತಂಗಿಗೆ ಹೇಳಿ, ಇಬ್ಬರ ಪ್ರೊಫೈಲನ್ನೂ ಸೈಟೇಷನ್ ಬಿಟ್ಟು ವರ್ಷದ ಪ್ರಕಾರ ಜೋಡಿಸಲಿ. ಕಳೆದ ಐದು ವರ್ಷದ ಪೇಪರ್‌ಗಳಲ್ಲಿ ಆ ಪ್ರೊಫೆಸರ್ ಹೆಸರು ಎಷ್ಟು ಕಡೆ ಕೊನೆಯಲ್ಲಿದೆ? ಮೊದಲ ಹೆಸರು ಅವರ ವಿದ್ಯಾರ್ಥಿಗಳದ್ದಾ? ಆಮೇಲೆ ಜಾಸ್ತಿ ಸೈಟೇಷನ್ ಇರುವ ಎರಡು ಪೇಪರ್ ಆರಿಸಿ, ಅವನ್ನು ಸೈಟ್ ಮಾಡಿದ ಐದಾರು ಪೇಪರ್ ತೆಗೆದು, ಸೈಟ್ ಮಾಡಿರುವ ಸಾಲನ್ನೇ ಓದಲಿ. ಸುಮ್ನೆ ಹತ್ತು ಹೆಸರಿನ ಜೊತೆ ಸೇರಿಸಿದ್ದಾರಾ, ಅಥವಾ ಅದರ ಮೇಲೆ ನಿಂತು ಮುಂದಿನ ಕೆಲಸ ಮಾಡಿದ್ದಾರಾ ಅಂತ ತಿಳಿಯುತ್ತದೆ. ಒಂದು ಮಧ್ಯಾಹ್ನ ಸಾಕು.

ಕೊನೆಗೆ, ಆ ಲ್ಯಾಬ್‌ನಿಂದ ಹೊರಬಂದ ಇಬ್ಬರಿಗಾದರೂ ಮೇಲ್ ಬರೆಯಲಿ. ನನ್ನ ಮೊದಲ ಪೇಪರ್‌ನಲ್ಲಿ ಎರಡು ವರ್ಷದ ಪ್ರಯೋಗವೆಲ್ಲ ನನ್ನದೇ. ಅಚ್ಚಾದಾಗ ನನ್ನ ಹೆಸರು ನಾಲ್ಕನೆಯದು. ಇವತ್ತಿಗೂ ನೋವಾಗುತ್ತದೆ. ಹೆಸರಿನ ಕ್ರಮ ಯಾರು ತೀರ್ಮಾನಿಸುತ್ತಾರೆ, ಯಾವಾಗ ತೀರ್ಮಾನಿಸುತ್ತಾರೆ ಅಂತ ಸೇರುವ ಮೊದಲು ನಾನು ಯಾರನ್ನೂ ಕೇಳಿರಲಿಲ್ಲ. ತಂಗಿ ಮೇಲ್‌ನಲ್ಲಿ ಅದನ್ನೇ ಮೊದಲು ಕೇಳಲಿ.